ಕ್ರಾಫ್ಟ್ ಬಿಯರ್ ರುಚಿ ನೋಡಿ ಹೋಲಿಸುವುದು ಹೇಗೆ: ಮನೆಯಲ್ಲಿ, ಪಬ್ಬಿನಲ್ಲಿ, ಪ್ರವಾಸದಲ್ಲಿ

"ನಾಲ್ಕು ಥರದ ಬಿಯರ್ ತಂದೆವು. ಮೊದಲ ಎರಡರಲ್ಲಿ ಏನೋ ವ್ಯತ್ಯಾಸ ಗೊತ್ತಾಯಿತು, ಆಮೇಲೆ ಎಲ್ಲವೂ ಒಂದೇ ಅನಿಸಿತು." ಈ ಮಾತನ್ನು ಬೇರೆಬೇರೆ ಜನರಿಂದ ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ತಮ್ಮ ನಾಲಿಗೆಯೇ ಮೊಂಡು ಎಂದು ಬಹಳ ಜನ ಕೈಬಿಡುತ್ತಾರೆ. ನಾಲಿಗೆ ಸರಿಯಾಗಿಯೇ ಇರುತ್ತದೆ, ಎಡವುವುದು ಕ್ರಮದಲ್ಲಿ. ಫ್ರಿಜ್‌ನಿಂದ ತೆಗೆದ ತಕ್ಷಣ ಕುಡಿದಿರುತ್ತಾರೆ, ತೀರಾ ಕಹಿಯದನ್ನು ಮೊದಲು ಮುಗಿಸಿರುತ್ತಾರೆ, ಪಕ್ಕದಲ್ಲಿ ಕಾಂಗ್ರೆಸ್ ಕಡಲೆಕಾಯಿಯ ತಟ್ಟೆ ಇರುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಂದಕ್ಕೊಂದು ಸಂಬಂಧವೇ ಇಲ್ಲದ ಬಿಯರ್‌ಗಳನ್ನು ಸಾಲಾಗಿ ಇಟ್ಟಿರುತ್ತಾರೆ.

ಕ್ರಾಫ್ಟ್ ಬಿಯರ್ ಎಂದರೆ ಚಿಕ್ಕ ಬ್ರೂವರಿಗಳು ಸಣ್ಣ ಪ್ರಮಾಣದಲ್ಲಿ ತಯಾರಿಸುವ ಬಿಯರ್. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಇದು ಕಾನೂನಿನ ವಯಸ್ಸು ತುಂಬಿದವರಿಗೆ ಮಾತ್ರ. ಗರ್ಭಿಣಿಯರು, ಮದ್ಯದೊಂದಿಗೆ ಹೊಂದದ ಔಷಧಿ ತೆಗೆದುಕೊಳ್ಳುತ್ತಿರುವವರು ಇದರಿಂದ ದೂರವಿರಬೇಕು.

## ಮೊದಲು ಬೇಕಾಗುವ ಸಾಮಾನು

ಒಂದೇ ಆಕಾರದ ಚಿಕ್ಕ ಗಾಜಿನ ಲೋಟಗಳು, ಒಬ್ಬೊಬ್ಬರಿಗೆ ಮೂರು. ಬಾಯಿ ಸ್ವಲ್ಪ ಒಳಕ್ಕೆ ಬಾಗಿದ್ದರೆ ಕಂಪು ನಿಲ್ಲುತ್ತದೆ, ಹಾಗಾಗಿ ವೈನ್ ಗ್ಲಾಸು ಇದ್ದರೂ ಒಳ್ಳೆಯದೇ. ಅಡುಗೆಮನೆಯ ಥರ್ಮಾಮೀಟರ್, ಬಿಳಿ ಹಾಳೆ, ಪೆನ್ನು, ಫ್ರಿಜ್‌ನಲ್ಲಿಡದ ನೀರು. ನಡುನಡುವೆ ಬಾಯಿ ಸ್ವಚ್ಛ ಮಾಡಿಕೊಳ್ಳಲು ಉಪ್ಪು, ಎಣ್ಣೆ, ಒಗ್ಗರಣೆ ಯಾವುದೂ ಇಲ್ಲದ ಬರೀ ಮಂಡಕ್ಕಿ. ಬಿಳಿ ಬ್ರೆಡ್ಡಿಗಿಂತ ಇದು ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ನನ್ನ ಅನುಭವ.

ಅಳತೆಯೂ ಈಗಲೇ ಗೊತ್ತಿರಲಿ. ಒಂದು ಬಿಯರ್‌ಗೆ ಒಬ್ಬರಿಗೆ 75 ಮಿ.ಲೀ. ಸಾಕು. 330 ಮಿ.ಲೀ. ಬಾಟಲಿ ನಾಲ್ವರಿಗೆ ಸರಿಯಾಗಿ ಬರುತ್ತದೆ. ಐದು ಬಿಯರ್ ನೋಡಿದರೂ 375 ಮಿ.ಲೀ. ಆಯಿತು, ಸರಾಸರಿ ಶೇ. 6 ಆಲ್ಕೋಹಾಲ್ ಎಂದು ಹಿಡಿದರೆ ಸುಮಾರು 18 ಗ್ರಾಂ ಆಲ್ಕೋಹಾಲ್ ಒಳಗೆ ಹೋಗುತ್ತದೆ. ಐದಕ್ಕಿಂತ ಹೆಚ್ಚು ಬೇಡ. ಆರನೆಯ ಬಿಯರ್ ಬಗ್ಗೆ ಬರೆದ ಟಿಪ್ಪಣಿಯನ್ನು ಮರುದಿನ ಓದಿ ನೋಡಿದರೆ ಕಾರಣ ತಾನೇ ತಿಳಿಯುತ್ತದೆ.

## ಹಂತ 1: ಒಂದೇ ಜಾತಿಯವನ್ನು ಒಟ್ಟಿಗಿಡಿ

ಲಾಗರ್, ಐಪಿಎ (ಇಂಡಿಯಾ ಪೇಲ್ ಏಲ್), ಸ್ಟೌಟ್ ಮೂರನ್ನೂ ಸಾಲಾಗಿಟ್ಟರೆ ನಿಮಗೆ ಕಲಿಯಲು ಸಿಗುವುದು ಇಷ್ಟೇ: ಒಂದು ತೆಳು, ಒಂದು ಕಹಿ, ಒಂದು ಕಪ್ಪು. ಅದು ಕುಡಿಯದೆಯೂ ಗೊತ್ತಿತ್ತು. ಮಾವಿನಹಣ್ಣನ್ನು ಹಲಸಿನೊಂದಿಗೆ ಹೋಲಿಸಿದರೆ ಮಾವಿನ ಬಗ್ಗೆ ಏನೂ ತಿಳಿಯುವುದಿಲ್ಲ. ಬಾದಾಮಿಯನ್ನು ರಸಪುರಿಯ ಪಕ್ಕ ಇಟ್ಟಾಗಲೇ ನಾಲಿಗೆ ಚುರುಕಾಗುವುದು.

ಹಾಗಾಗಿ ಮೊದಲ ಸಲ ಮೂರು ಗೋಧಿ ಬಿಯರ್ ತನ್ನಿ, ಮೂರೂ ಬೇರೆಬೇರೆ ಕಡೆಯವು. ಗೋಧಿ ಬಿಯರ್ ಏಕೆಂದರೆ ಬೆಂಗಳೂರಿನ ಹೆಚ್ಚಿನ ಮೈಕ್ರೋಬ್ರೂವರಿಗಳಲ್ಲಿ (ಬಿಯರನ್ನು ಅಲ್ಲೇ ತಯಾರಿಸಿ ಕೊಡುವ ಪಬ್ಬುಗಳಲ್ಲಿ) ಅದು ಇದ್ದೇ ಇರುತ್ತದೆ, ಅದರ ಕಂಪನ್ನು ಗುರುತಿಸುವುದೂ ಸುಲಭ. ಆದರೆ ಅದರಲ್ಲೂ ಎರಡು ಕವಲು ಇವೆ. ಜರ್ಮನಿಯ ಬವೇರಿಯಾ ಪದ್ಧತಿಯ ಹೆಫೆವೈಜನ್‌ನಲ್ಲಿ ಬಾಳೆಹಣ್ಣು, ಲವಂಗದ ಕಂಪು ಯೀಸ್ಟ್‌ನಿಂದಲೇ ಬರುತ್ತದೆ, ಅದಕ್ಕೆ ಹಣ್ಣನ್ನಾಗಲಿ ಮಸಾಲೆಯನ್ನಾಗಲಿ ಹಾಕಿರುವುದಿಲ್ಲ. ಬೆಲ್ಜಿಯಂ ಪದ್ಧತಿಯ ವಿಟ್‌ಗೆ ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆಯನ್ನು ನಿಜವಾಗಿಯೂ ಹಾಕುತ್ತಾರೆ. ಈ ಎರಡನ್ನು ಬೆರೆಸಬೇಡಿ. ಲೇಬಲ್ ಓದಿ, ಮೂರೂ ಒಂದೇ ಕವಲಿನವು ಎಂದು ಖಚಿತಪಡಿಸಿಕೊಳ್ಳಿ.

## ಹಂತ 2: ಕೊಳ್ಳುವಾಗ ದಿನಾಂಕ ನೋಡಿ

ಬ್ರ್ಯಾಂಡ್ ನೋಡುವ ಮೊದಲು ತಯಾರಿಸಿದ ದಿನಾಂಕ ನೋಡಿ. ಹಾಪ್ಸ್ (ಬಿಯರ್‌ಗೆ ಕಹಿ, ಕಂಪು ಕೊಡುವ ಹೂವು) ಕಂಪಿನ ಮೇಲೆ ನಿಂತಿರುವ ಐಪಿಎ, ಪೇಲ್ ಏಲ್‌ಗಳು ಎರಡು ಮೂರು ತಿಂಗಳಲ್ಲಿ ಸೊರಗುತ್ತವೆ. ಒಂದು ಹೋದ ವಾರದ್ದು, ಇನ್ನೊಂದು ಐದು ತಿಂಗಳ ಹಿಂದಿನದು ಆಗಿದ್ದರೆ ನೀವು ಹೋಲಿಸುತ್ತಿರುವುದು ವಯಸ್ಸನ್ನು.

ಅಂಗಡಿಯಲ್ಲಿ ಬಾಟಲಿ ಎಲ್ಲಿ ನಿಂತಿತ್ತು ಎಂಬುದೂ ಮುಖ್ಯ. ಬಿಯರ್ ತಯಾರಕರ ಬಳಿ ಒಂದು ಒರಟು ಲೆಕ್ಕವಿದೆ: 32 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ, ಮೂರೂ ಬಿಯರನ್ನು ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹಳತು ಮಾಡುತ್ತವೆ. ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲಲ್ಲಿ ನಿಂತ ಕಾರಿನ ಡಿಕ್ಕಿಯನ್ನು ನೆನೆದುಕೊಳ್ಳಿ. ಹೊರಗೆ ಶೆಲ್ಫಿನಲ್ಲಿ, ಬಿಸಿಲು ಬೀಳುವ ಕಡೆ ಇಟ್ಟಿರುವುದನ್ನು ಬಿಟ್ಟು ಕೂಲರ್‌ನೊಳಗಿನದನ್ನು ಕೇಳಿ. ಹಸಿರು ಮತ್ತು ಬಣ್ಣವಿಲ್ಲದ ಬಾಟಲಿಗಿಂತ ಕಂದು ಬಾಟಲಿ ಮೇಲು, ಕ್ಯಾನ್ ಅದಕ್ಕಿಂತಲೂ ಮೇಲು.

## ಹಂತ 3: ಗ್ಲಾಸು ತೊಳೆಯಿರಿ, ಕೋಣೆ ಸಿದ್ಧಪಡಿಸಿ

ಮನೆಯಲ್ಲಿ ಹೆಚ್ಚಿನ ಪ್ರಯೋಗಗಳು ಕೆಡುವುದು ಇಲ್ಲಿ. ಸಾರು, ಪಲ್ಯದ ಎಣ್ಣೆ ಹತ್ತಿದ ಸ್ಪಂಜಿನಲ್ಲೇ ಗ್ಲಾಸನ್ನೂ ಉಜ್ಜಿರುತ್ತೇವೆ. ಕಣ್ಣಿಗೆ ಕಾಣದ ಆ ಜಿಡ್ಡು ನೊರೆಯನ್ನು ಕೊಲ್ಲುತ್ತದೆ, ನೊರೆ ಹೋದರೆ ಕಂಪಿನ ಅರ್ಧ ಹೋದಂತೆ. ಹೊಸ ಸ್ಪಂಜು ತೆಗೆದುಕೊಳ್ಳಿ, ಅಡುಗೆ ಸೋಡಾ ಹಾಕಿ ಉಜ್ಜಿ, ಬಿಸಿನೀರಿನಲ್ಲಿ ಎರಡು ಮೂರು ಸಲ ತೊಳೆದು ಬೋರಲು ಹಾಕಿ ತಾನಾಗಿ ಒಣಗಲು ಬಿಡಿ. ಬಟ್ಟೆಯಲ್ಲಿ ಒರೆಸಬೇಡಿ.

ಗ್ಲಾಸು ಸ್ವಚ್ಛವಾಗಿದೆಯೇ ಎಂದು ತಿಳಿಯುವುದು ಸುಲಭ. ಬಿಯರ್ ಸುರಿದಾಗ ಗಾಜಿನ ಒಳಗೋಡೆಗೆ ಗುಳ್ಳೆಗಳು ಗುಂಪಾಗಿ ಅಂಟಿಕೊಂಡರೆ ಅಲ್ಲಿ ಕೊಳೆ ಇದೆ. ಸ್ವಚ್ಛವಾದ ಗ್ಲಾಸಿನಲ್ಲಿ ಕುಡಿಯುತ್ತಾ ಹೋದಂತೆ ನೊರೆ ಬಳೆಬಳೆಯಾಗಿ ಗೋಡೆಗೆ ಹತ್ತಿಕೊಳ್ಳುತ್ತದೆ.

ಕೋಣೆಯಲ್ಲಿ ಊದುಬತ್ತಿ, ಕರ್ಪೂರ, ಸೆಂಟು, ಮಲ್ಲಿಗೆ ದಂಡೆ ಯಾವುದೂ ಬೇಡ. ಒಗ್ಗರಣೆಯ ಘಾಟು ಪೂರ್ತಿ ಇಳಿದಿರಲಿ. ಊಟವಾಗಿ ಒಂದೂವರೆ ಗಂಟೆಯಾದರೂ ಕಳೆದಿರಬೇಕು, ಹಾಗಂತ ಖಾಲಿ ಹೊಟ್ಟೆಯಲ್ಲಿ ಕೂರಬೇಡಿ. ಖಾರದ ತಿಂಡಿಯನ್ನು ಕಡೆಗೆ ಇಟ್ಟುಕೊಳ್ಳಿ. ಮೆಣಸಿನಕಾಯಿಯ ಉರಿಯನ್ನು ಆಲ್ಕೋಹಾಲ್ ಮತ್ತು ಗುಳ್ಳೆಗಳು ಇನ್ನಷ್ಟು ಕೆರಳಿಸುತ್ತವೆ, ಆಮೇಲೆ ಅರ್ಧ ಗಂಟೆ ಬೇರೇನೂ ತಿಳಿಯುವುದಿಲ್ಲ.

## ಹಂತ 4: ತಣ್ಣಗಿರಲಿ, ತೀರಾ ತಣ್ಣಗೆ ಬೇಡ

ಮನೆಯ ಫ್ರಿಜ್ ಸಾಮಾನ್ಯವಾಗಿ 4 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಆ ತಂಪಿನಲ್ಲಿ ಕಂಪು ಮೇಲೇಳುವುದಿಲ್ಲ, ನಾಲಿಗೆಯೂ ಮರಗಟ್ಟುತ್ತದೆ. ಲಾಗರ್‌ಗೆ 5ರಿಂದ 7 ಡಿಗ್ರಿ, ಗೋಧಿ ಬಿಯರ್‌ಗೆ 6ರಿಂದ 8, ಪೇಲ್ ಏಲ್ ಮತ್ತು ಐಪಿಎಗೆ 8ರಿಂದ 10, ಸ್ಟೌಟ್‌ಗೆ 11ರಿಂದ 13 ಎಂದಿಟ್ಟುಕೊಳ್ಳಿ. ಥರ್ಮಾಮೀಟರ್ ಇಲ್ಲದಿದ್ದರೆ ಗ್ಲಾಸನ್ನು ಎರಡೂ ಅಂಗೈಗಳಲ್ಲಿ ಹಿಡಿದು ಕೆಲವು ನಿಮಿಷ ಕಾಯಿರಿ, 75 ಮಿ.ಲೀ. ಬೇಗ ಬೆಚ್ಚಗಾಗುತ್ತದೆ.

ಹೋಲಿಸುವಾಗ ಎಲ್ಲ ಗ್ಲಾಸುಗಳ ತಾಪವೂ ಒಂದೇ ಇರಬೇಕು. ಒಂದನ್ನು ಫ್ರಿಜ್ ಬಾಗಿಲಿನಿಂದ, ಇನ್ನೊಂದನ್ನು ಫ್ರೀಜರ್‌ನಿಂದ ತಂದು ಪಕ್ಕಪಕ್ಕ ಇಟ್ಟರೆ ಬೆಚ್ಚಗಿದ್ದದ್ದೇ ಹೆಚ್ಚು ಸಿಹಿ ಎನಿಸುತ್ತದೆ. ಹಿಂದಿನ ದಿನವೇ ಎಲ್ಲವನ್ನೂ ಫ್ರಿಜ್‌ನ ಒಂದೇ ಅರೆಯಲ್ಲಿ ನೇರವಾಗಿ ನಿಲ್ಲಿಸಿ. ಗ್ಲಾಸನ್ನು ಫ್ರೀಜರ್‌ನಲ್ಲಿ ಇಡಲೇಬೇಡಿ.

## ಹಂತ 5: ಸುರಿಯುವ ರೀತಿ, ಸಾಲಿನ ಕ್ರಮ

ಗ್ಲಾಸನ್ನು ಓರೆ ಹಿಡಿದು ಶುರುಮಾಡಿ, ಅರ್ಧವಾದ ಮೇಲೆ ನೆಟ್ಟಗೆ ಮಾಡಿ. ಎರಡು ಬೆರಳಷ್ಟು ನೊರೆ ಬರಲಿ.

ಗೋಧಿ ಬಿಯರ್‌ನಲ್ಲಿ ಯೀಸ್ಟ್ ತಳಕ್ಕಿಳಿದಿರುತ್ತದೆ. ಹಾಗೇ ಸುರಿದರೆ ಮೊದಲನೆಯವರಿಗೆ ತಿಳಿ, ಕೊನೆಯವರಿಗೆ ಗಸಿ. ಆಮೇಲೆ ಇಬ್ಬರೂ ಒಂದೇ ಬಾಟಲಿಯ ಬಗ್ಗೆ ವಾದಕ್ಕಿಳಿಯುತ್ತಾರೆ; ನಮ್ಮ ಮನೆಯಲ್ಲೂ ಹೀಗೆ ಒಂದು ಸಂಜೆ ವಾದದಲ್ಲೇ ಕಳೆಯಿತು. ಬಾಟಲಿಯನ್ನು ತೆರೆಯುವ ಮೊದಲು ನಿಧಾನವಾಗಿ ಒಂದೆರಡು ಸಲ ಉರುಳಿಸಿ, ಕುಲುಕಬೇಡಿ. ನಂತರ ಎಲ್ಲರಿಗೂ ಸ್ವಲ್ಪ ಸ್ವಲ್ಪವೇ ಎರಡು ಸುತ್ತಿನಲ್ಲಿ ಹಂಚಿ.

ಬೇರೆಬೇರೆ ಜಾತಿಯವನ್ನು ನೋಡಲೇಬೇಕಾದ ದಿನ ಸಾಮಾನ್ಯವಾಗಿ ಕ್ರಮ ಹೀಗಿರಲಿ: ಲಾಗರ್, ಗೋಧಿ, ಪೇಲ್ ಏಲ್, ಐಪಿಎ, ಸ್ಟೌಟ್. ಬಣ್ಣ ನೋಡಿ ಸಾಲು ಮಾಡಬೇಡಿ, ಕಹಿ ಮತ್ತು ಆಲ್ಕೋಹಾಲ್ ನೋಡಿ ಮಾಡಿ. ಶೇ. 4ರ ಕಪ್ಪು ಸ್ಟೌಟ್, ಶೇ. 7ರ ಹೊಂಬಣ್ಣದ ಐಪಿಎಗಿಂತ ಮೊದಲು ಬರಬೇಕು. ಹುಳಿ ಬಿಯರ್‌ಗಳಿಗೆ ಬೇರೆ ದಿನವನ್ನೇ ಇಟ್ಟುಕೊಳ್ಳಿ.

## ಹಂತ 6: ಮೂಸಿ, ನೋಡಿ, ಗುಟುಕರಿಸಿ, ಬರೆಯಿರಿ

ಮೊದಲು ಮೂಗು. ನೊರೆ ಇಳಿಯುವ ಮೊದಲೇ ಗ್ಲಾಸನ್ನು ಮೆಲ್ಲಗೆ ಸುತ್ತಿಸಿ ಎರಡು ಮೂರು ಸಣ್ಣ ಉಸಿರು ಎಳೆದುಕೊಳ್ಳಿ. ದೀರ್ಘವಾಗಿ ಎಳೆದರೆ ಮೂಗು ಬೇಗ ಆ ವಾಸನೆಗೆ ಒಗ್ಗಿಹೋಗುತ್ತದೆ. ಒಗ್ಗಿತು ಅನಿಸಿದಾಗ ನಿಮ್ಮದೇ ಅಂಗಿಯ ತೋಳನ್ನೊಮ್ಮೆ ಮೂಸಿ ಮತ್ತೆ ಗ್ಲಾಸಿಗೆ ಬನ್ನಿ. ಆಮೇಲೆ ಬಿಳಿ ಹಾಳೆಯ ಮುಂದೆ ಹಿಡಿದು ಬಣ್ಣ, ತಿಳಿ, ನೊರೆ ನೋಡಿ.

ಮೊದಲ ಗುಟುಕು ಬಾಯಿ ತೊಳೆಯಲಷ್ಟೇ, ಅದರ ಮೇಲೆ ತೀರ್ಪು ಬೇಡ. ಎರಡನೆಯ ಗುಟುಕನ್ನು ಬಾಯಿತುಂಬ ಓಡಾಡಿಸಿ ನುಂಗಿ, ನಂತರ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ರುಚಿ ಎಂದು ನಾವು ಕರೆಯುವುದರ ದೊಡ್ಡ ಪಾಲು ಆ ಉಸಿರಿನಲ್ಲಿದೆ. ಆ ಹೆಜ್ಜೆ ತಪ್ಪಿಸಿದವರಿಗೆ ಸಿಹಿ, ಕಹಿ, ಹುಳಿ ಬಿಟ್ಟು ಬೇರೇನೂ ಸಿಗುವುದಿಲ್ಲ.

ಬರೆಯಲು ಕೂತಾಗ ಇಂಗ್ಲಿಷ್ ಟಿಪ್ಪಣಿಗಳ ಪದಗಳನ್ನು ಹುಡುಕಬೇಡಿ. ನೀವು ಎಂದೂ ತಿನ್ನದ ಹಣ್ಣಿನ ಹೆಸರು ಬರೆದು ಪ್ರಯೋಜನವಿಲ್ಲ. ಹೆಫೆವೈಜನ್‌ನಲ್ಲಿರುವ ಬಾಳೆ ಯಾವುದು? ಏಲಕ್ಕಿ ಬಾಳೆಯೋ, ಕಳಿತ ಪಚ್ಚಬಾಳೆಯೋ? ಐಪಿಎಯಲ್ಲಿ ಬರುವುದು ಕಿತ್ತಳೆಯೋ, ಚಕ್ಕೋತದ ಸಿಪ್ಪೆಯೋ, ತೋತಾಪುರಿ ಕಾಯಿಯೋ? ಸ್ಟೌಟ್‌ನಲ್ಲಿ ಇರುವುದು ಹದವಾಗಿ ಹುರಿದ ಕಾಫಿಯೋ, ಸೀದ ಕಾಫಿಯೋ, ಕಪ್ಪು ಬೆಲ್ಲವೋ? ವಾಸನೆಗೆ ಕನ್ನಡದಲ್ಲಿ ಘಾಟು, ಕಮಟು, ಮುಗ್ಗು, ಹಳಸು, ಸೀದು ಎಂದು ಬಿಡಿಬಿಡಿ ಮಾತುಗಳಿವೆ, ಅವನ್ನೇ ಬಳಸಿ.

ಇವುಗಳಲ್ಲಿ ಬಿಯರ್‌ಗೆ ಅತ್ಯಂತ ಉಪಯೋಗಕ್ಕೆ ಬರುವ ಜೋಡಿ ಕಹಿ ಮತ್ತು ಒಗರು. ಎರಡನ್ನೂ ಕಹಿ ಎಂದೇ ಬರೆಯುವುದು ನಾನು ಅತಿ ಹೆಚ್ಚಾಗಿ ನೋಡುವ ತಪ್ಪು. ಒಂದು ತುಣುಕು ಹಾಗಲಕಾಯಿ ಅಗಿಯಿರಿ: ಅದು ನಾಲಿಗೆಯ ಮೇಲೆ ಕೂರುವ ರುಚಿ. ಬಾಯಿ ತೊಳೆದು ಬೆಟ್ಟದ ನೆಲ್ಲಿಕಾಯಿಯನ್ನೋ ಹಸಿ ಬಾಳೆಕಾಯಿಯನ್ನೋ ಕಚ್ಚಿ: ಕೆನ್ನೆಯ ಒಳಭಾಗ, ಒಸಡು ಒಣಗಿ ಬಿಗಿದುಕೊಳ್ಳುತ್ತದೆ. ಬಿಯರ್‌ನಲ್ಲಿ ಮೊದಲನೆಯದು ಹಾಪ್ಸ್‌ನಿಂದ ಬರುತ್ತದೆ, ಬಯಸಿ ತಂದದ್ದು. ಎರಡನೆಯದು ಬಹಳ ಸಲ ಮಾಲ್ಟ್‌ನ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ) ಹೊಟ್ಟಿನಿಂದ ಇಳಿದದ್ದು, ಅತಿಯಾಗಿ ಕುದಿಸಿದ ಚಹಾದಲ್ಲಿ ಬರುತ್ತದಲ್ಲ, ಹಾಗೆ. ಕಹಿ ಒಳ್ಳೆಯ ಬಿಯರ್‌ನಲ್ಲಿ ಏರಿ ಇಳಿಯುತ್ತದೆ, ಇನ್ನೊಂದು ಗುಟುಕು ಬೇಕೆನಿಸುತ್ತದೆ. ಒಗರು ಗುಟುಕಿನಿಂದ ಗುಟುಕಿಗೆ ಜಮೆಯಾಗುತ್ತಾ ಹೋಗುತ್ತದೆ. ಇದೊಂದು ಭೇದ ಹಿಡಿತಕ್ಕೆ ಬಂದರೆ ಐಪಿಎಗಳ ಬಗ್ಗೆ ನಿಮ್ಮ ಅಭಿಪ್ರಾಯಗಳೇ ಬದಲಾಗುತ್ತವೆ.

ಎಲ್ಲರೂ ಬರೆದು ಮುಗಿಸುವವರೆಗೆ ಯಾರೂ ಮಾತಾಡಬಾರದು. ಒಬ್ಬರು "ಬಾಳೆಹಣ್ಣು" ಎಂದರೆ ಸಾಕು, ಎಲ್ಲರಿಗೂ ಬಾಳೆಹಣ್ಣೇ. ಹತ್ತಕ್ಕೆ ಇಷ್ಟು ಎಂದು ಅಂಕ ಕೊಡುವ ಬದಲು ಒಂದು, ಎರಡು, ಮೂರು ಎಂದು ಸ್ಥಾನ ಕೊಡಿ, ಪಕ್ಕದಲ್ಲಿ ಕಾರಣವನ್ನು ಒಂದು ಸಾಲಿನಲ್ಲಿ ಬರೆಯಿರಿ.

## ಹಂತ 7: ಮೂರು ಲೋಟದ ಪರೀಕ್ಷೆ

ವ್ಯತ್ಯಾಸ ನಿಜವಾಗಿ ತಿಳಿಯುತ್ತಿದೆಯೋ, ಲೇಬಲ್ ಹೇಳಿಸುತ್ತಿದೆಯೋ? ಒಬ್ಬರು ಇನ್ನೊಂದು ಕೋಣೆಯಲ್ಲಿ ಮೂರು ಲೋಟ ತುಂಬಲಿ: ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆ. ತಳದಲ್ಲಿ ಗುರುತು ಇರಲಿ. ಬಣ್ಣದಿಂದ ಗುಟ್ಟು ಬಯಲಾಗದಂತೆ ಇಲ್ಲಿ ಸ್ಟೀಲ್ ಲೋಟ ಬಳಸಿ, ದೀಪ ಕಡಿಮೆ ಮಾಡಿ. ನಿಮ್ಮ ಕೆಲಸ ಬೇರೆಯದನ್ನು ಹುಡುಕುವುದು ಮಾತ್ರ.

ಊಹೆಯಿಂದಲೇ ಸರಿಯಾಗುವ ಸಾಧ್ಯತೆ ಮೂರರಲ್ಲಿ ಒಂದು, ಹಾಗಾಗಿ ಒಂದು ಸಲ ಗೆದ್ದರೆ ಸಾಲದು. ಸತತ ಮೂರು ಸಲ ಸರಿಯಾದರೆ ಅದು ಬರೀ ಅದೃಷ್ಟವಾಗಿರುವ ಸಾಧ್ಯತೆ 27ರಲ್ಲಿ ಒಂದು. ಲೋಟಕ್ಕೆ 30 ಮಿ.ಲೀ. ಸಾಕು, ಈ ಪರೀಕ್ಷೆಗೆ ಬೇರೆ ಸಂಜೆಯನ್ನೇ ಇಟ್ಟುಕೊಳ್ಳಿ.

## ಹಂತ 8: ಕೆಟ್ಟದ್ದರ ಗುರುತು

ಇಷ್ಟವಾಗದಿರುವುದು ಬೇರೆ, ಬಿಯರ್ ಕೆಟ್ಟಿರುವುದು ಬೇರೆ. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ಮತ್ತು ಶಾಖ ತಗುಲಿ ಹಳತಾಗಿದೆ. ಪಾಪ್‌ಕಾರ್ನ್ ಮೇಲಿನ ಬೆಣ್ಣೆಯ ವಾಸನೆ, ನಾಲಿಗೆಯ ಮೇಲೆ ಜಾರಿದಂತೆ ಅನಿಸುವುದು ಹುದುಗುವಿಕೆ ಪೂರ್ತಿಯಾಗಿಲ್ಲದ, ಇಲ್ಲವೇ ಪಬ್ಬಿನ ಬಿಯರ್ ನಲ್ಲಿಯ ಕೊಳವೆ ಕೊಳೆಯಾದ ಲಕ್ಷಣ. ಬೇಯಿಸಿದ ಮುಸುಕಿನ ಜೋಳ, ಎಲೆಕೋಸಿನ ವಾಸನೆ ಕುದಿಸುವ ಹಂತದಲ್ಲೇ ಆದ ದೋಷವಿರಬಹುದು. ಹಸಿರು ಸೇಬಿನ ಹಸಿ ವಾಸನೆ ಎಂದರೆ ಬಿಯರ್ ಇನ್ನೂ ಎಳೆಯದು. ಹುಳಿ ಬಿಯರ್ ಅಲ್ಲದ್ದರಲ್ಲಿ ವಿನೆಗರ್ ಬಂದರೆ ಸೂಕ್ಷ್ಮಾಣು ಸೇರಿದೆ. ಬಾಟಲಿ ತೆರೆದ ತಕ್ಷಣ ಕಾರಂಜಿಯಂತೆ ಉಕ್ಕಿದರೂ ಅದೇ ಅನುಮಾನ ಪಡಿ.

ಎರಡು ದೋಷಗಳನ್ನು ನೀವೇ ಮಾಡಿ ನೋಡಿ ಕಲಿಯಬಹುದು. ಸಾಮಾನ್ಯ ಲಾಗರ್ ಅನ್ನು ಎರಡು ಗಾಜಿನ ಲೋಟಕ್ಕೆ ಸುರಿದು, ಒಂದನ್ನು ಮಧ್ಯಾಹ್ನದ ಬಿಸಿಲಿನಲ್ಲಿ ಕಾಲು ಗಂಟೆ ಇಡಿ, ಇನ್ನೊಂದು ಕತ್ತಲೆಯಲ್ಲಿರಲಿ. ಬಿಸಿಲಿನದರಲ್ಲಿ ಏಳುವ ಗಂಧಕದಂಥ ಕೆಟ್ಟ ವಾಸನೆ ಬೆಳಕು ಹಾಪ್ಸ್‌ನ ಕಹಿ ಅಂಶವನ್ನು ಒಡೆದದ್ದರ ಫಲ. ಹಾಗೆಯೇ ಒಂದೇ ದಿನಾಂಕದ ಎರಡು ಬಾಟಲಿ ತಂದು, ಒಂದನ್ನು ಫ್ರಿಜ್‌ನಲ್ಲಿ, ಇನ್ನೊಂದನ್ನು ಅಟ್ಟದ ಮೇಲೆ ಮೂರು ವಾರ ಇಟ್ಟು, ಎರಡನ್ನೂ ತಣಿಸಿ ಜೊತೆಯಲ್ಲಿ ತೆರೆಯಿರಿ. ಒದ್ದೆ ರಟ್ಟು ಎಂದರೇನೆಂದು ಆಮೇಲೆ ಯಾರೂ ಹೇಳಿಕೊಡಬೇಕಿಲ್ಲ.

## ಹಂತ 9: ಪಬ್ಬಿನಲ್ಲಿ

ಕಿಚನ್ನಿನ ಬಾಗಿಲು, ತಂದೂರಿ ಹೊಗೆ, ಸಿಗರೇಟಿನ ಜಾಗದಿಂದ ದೂರ ಕೂತುಕೊಳ್ಳಿ. ಸ್ಟಾರ್ಟರ್ ಆರ್ಡರ್ ಮಾಡುವ ಮೊದಲೇ ಸ್ಯಾಂಪ್ಲರ್ (ಹಲವು ಬಿಯರ್‌ಗಳ ಚಿಕ್ಕ ಚಿಕ್ಕ ಗ್ಲಾಸುಗಳ ಟ್ರೇ) ಕೇಳಿ. ಟ್ರೇಯಲ್ಲಿ ಜೋಡಿಸಿ ತಂದ ಕ್ರಮದಲ್ಲೇ ಕುಡಿಯಬೇಕೆಂದಿಲ್ಲ, ಐದನೇ ಹಂತದ ಕ್ರಮಕ್ಕೆ ನೀವೇ ಬದಲಿಸಿ. ಐದು ನಿಮಿಷ ಕಾಯಿರಿ, ಏಕೆಂದರೆ ಹೆಚ್ಚಿನ ಕಡೆ ತೀರಾ ತಣ್ಣಗೆ ಕೊಡುತ್ತಾರೆ.

ಸರ್ವ್ ಮಾಡುವವರನ್ನು ಎರಡು ಪ್ರಶ್ನೆ ಕೇಳಿ: ಇವುಗಳಲ್ಲಿ ಇತ್ತೀಚೆಗೆ ನಲ್ಲಿಗೆ ಹಾಕಿದ್ದು ಯಾವುದು? ನಿಧಾನವಾಗಿ ಖರ್ಚಾಗುವುದು ಯಾವುದು? ಎರಡನೆಯದರ ಬಗ್ಗೆ ಎಚ್ಚರವಿರಲಿ. ದೋಷ ಕಂಡರೆ ಹೇಳಿ. ಒಮ್ಮೆ ನನಗೆ ಬಂದ ಗೋಧಿ ಬಿಯರ್ ಪೂರಾ ಬೆಣ್ಣೆಯ ವಾಸನೆ ಹೊಡೆಯುತ್ತಿತ್ತು. "ಚೆನ್ನಾಗಿಲ್ಲ" ಎನ್ನುವ ಬದಲು "ಬೆಣ್ಣೆ ವಾಸನೆ ಬರ್ತಿದೆ, ಬ್ರೂವರ್ ಒಮ್ಮೆ ನೋಡಲಿ ಸರ್" ಎಂದೆ. ಅವರೇ ಬಂದು ಮೂಸಿ, ತಕ್ಷಣ ಬದಲಿಸಿಕೊಟ್ಟರು.

ಎರಡು ಪಬ್ಬಿನ ಒಂದೇ ಜಾತಿಯ ಬಿಯರ್ ಹೋಲಿಸಬೇಕಿದ್ದರೆ ಒಂದೇ ದಿನ ಹೋಗಿ, ಎರಡರಲ್ಲೂ ಅದನ್ನೇ ಮೊದಲು ಕುಡಿಯಿರಿ. ಬೆಂಗಳೂರಿನಲ್ಲಿ ಇಂದಿರಾನಗರ, ಎಂ.ಜಿ. ರಸ್ತೆ, ವೈಟ್‌ಫೀಲ್ಡ್ ಮೂರೂ ನಮ್ಮ ಮೆಟ್ರೋದ ನೇರಳೆ ಮಾರ್ಗದಲ್ಲೇ ಇವೆ, ಗಾಡಿ ಮನೆಯಲ್ಲಿರಲಿ. ಕಾನೂನಿನ ಮಿತಿ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ ಆಲ್ಕೋಹಾಲ್. ಸ್ಯಾಂಪ್ಲರ್ ಮಾತ್ರ ಕುಡಿದೆ ಎಂಬ ಭರವಸೆಯಲ್ಲಿ ಸ್ಟೀರಿಂಗ್ ಹಿಡಿಯಬೇಡಿ.

## ಹಂತ 10: ದೂರ ಪ್ರವಾಸದಲ್ಲಿ

ಪಟ್ಟಿ ಮಾಡಿಕೊಂಡು ಹತ್ತು ಊರಿನ ಮೂವತ್ತು ಬಿಯರ್ ಮುಗಿಸುವವರಿಗಿಂತ ಒಂದು ಜೋಡಿಯನ್ನು ಆರಿಸಿಕೊಂಡವರು ಹೆಚ್ಚು ಕಲಿತು ಬರುತ್ತಾರೆ. ಜರ್ಮನಿಗೆ ಹೋಗುವವರಿಗೆ ನಾನು ಹೇಳುವ ಜೋಡಿ ಕೋಲ್ನ್ ಮತ್ತು ಡ್ಯೂಸೆಲ್‌ಡಾರ್ಫ್. ನಡುವೆ ಸುಮಾರು 40 ಕಿ.ಮೀ., ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಕೋಲ್ನ್‌ನ ಕೋಲ್ಶ್ ತಿಳಿ ಹೊಂಬಣ್ಣ, ಡ್ಯೂಸೆಲ್‌ಡಾರ್ಫ್‌ನ ಆಲ್ಟ್ ತಾಮ್ರಗಂದು. ಎರಡನ್ನೂ ಲಾಗರ್ ಯೀಸ್ಟ್‌ಗಿಂತ ಬೆಚ್ಚಗಿನಲ್ಲಿ ಕೆಲಸ ಮಾಡುವ ಏಲ್ ಯೀಸ್ಟ್‌ನಲ್ಲಿ ಹುದುಗಿಸಿ ಲಾಗರ್‌ನಂತೆ ತಂಪಿನಲ್ಲಿ ಮಾಗಿಸುತ್ತಾರೆ, ಎರಡರ ಆಲ್ಕೋಹಾಲ್ ಪ್ರಮಾಣವೂ ಶೇ. 5ರ ಸಮೀಪ. ಹಾಗಾಗಿ ಅಲ್ಲಿ ನಿಮಗೆ ಸಿಗುವ ವ್ಯತ್ಯಾಸ ಬಹುಮಟ್ಟಿಗೆ ಮಾಲ್ಟ್ ಮತ್ತು ಹಾಪ್ಸ್‌ನದು. ಡ್ಯೂಸೆಲ್‌ಡಾರ್ಫ್‌ನ ಯೂರಿಗೆ ಬ್ರೂವರಿಯ ಆಲ್ಟ್‌ನಲ್ಲಿ ಕಹಿ ಜೋರು, ಆದ್ದರಿಂದ ಕೋಲ್ಶ್ ಮೊದಲು, ಆಲ್ಟ್ ಆಮೇಲೆ.

ಕೋಲ್ನ್‌ನಲ್ಲಿ ಒಂದು ಎಚ್ಚರಿಕೆ. ಗ್ಲಾಸು 200 ಮಿ.ಲೀ. ಮಾತ್ರ, ಆದರೆ ಖಾಲಿಯಾದಂತೆ ಪರಿಚಾರಕರು ಕೇಳದೆಯೇ ಹೊಸದನ್ನು ತಂದಿಟ್ಟು ಬಿಯರ್ ಮ್ಯಾಟ್ ಮೇಲೆ ಗೀಟು ಹಾಕುತ್ತಾರೆ. ಸಾಕಾದಾಗ ಮ್ಯಾಟನ್ನು ಗ್ಲಾಸಿನ ಮೇಲೆ ಮುಚ್ಚಿಡಿ.

ಜರ್ಮನಿಯ ಬಾಂಬೆರ್ಗ್ ಊರಿಗೂ ಹೋಗುವವರಿದ್ದರೆ, ಅಲ್ಲಿನ ಶ್ಲೆಂಕೆರ್ಲಾ ಬ್ರೂವರಿಯ ಹೊಗೆ ಬಿಯರನ್ನು ದಿನದ ಕೊನೆಗೆ ಇಡಿ. ಬೀಚ್ ಎಂಬ ಮರದ ಹೊಗೆಯಲ್ಲಿ ಒಣಗಿಸಿದ ಮಾಲ್ಟ್‌ನಿಂದ ಮಾಡಿದ್ದು ಅದು, ಆಮೇಲೆ ಏನು ಕುಡಿದರೂ ಹೊಗೆಯೇ. ಒಂದೇ ಗುಟುಕಿಗೆ ಬಿಟ್ಟುಬಿಡಬೇಡಿ. ಅರ್ಧ ಗ್ಲಾಸು ಆಗುವ ಹೊತ್ತಿಗೆ ಮೂಗು ಹೊಗೆಗೆ ಒಗ್ಗಿ, ಅಡಿಯಲ್ಲಿರುವ ಮಾಲ್ಟ್‌ನ ಸಿಹಿ ಮೇಲೆ ಬರುತ್ತದೆ. ಮೂಗು ಒಗ್ಗುವುದು ನೆರವಿಗೆ ಬರುವ ಅಪರೂಪದ ಜಾಗ ಇದು.

## ಹಂತ 11: ಬಾಟಲಿ ಮನೆಗೆ ತರುವಾಗ

ವಿದೇಶದಿಂದ ಬರುವಾಗ ಸುಂಕವಿಲ್ಲದೆ ತರಬಹುದಾದ ಮದ್ಯ ಒಟ್ಟು 2 ಲೀಟರ್, ಬಿಯರ್ ಕೂಡ ಅದರೊಳಗೇ. 330 ಮಿ.ಲೀ.ಯ ಆರು ಬಾಟಲಿಗೆ 1.98 ಲೀಟರ್ ಆಗುತ್ತದೆ. ಕೈಚೀಲದಲ್ಲಿ ಬಿಡುವುದಿಲ್ಲ, ಚೆಕ್ ಇನ್ ಸೂಟ್‌ಕೇಸಿನಲ್ಲೇ ಇಡಬೇಕು. ಒಂದೊಂದನ್ನೂ ಮೊದಲು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಕಟ್ಟಿ, ನಂತರ ಟವೆಲ್ ಅಥವಾ ಪಂಚೆಯಲ್ಲಿ ಸುತ್ತಿ, ಸೂಟ್‌ಕೇಸಿನ ನಡುವೆ, ಯಾವ ಅಂಚಿಗೂ ತಾಗದಂತೆ ಇಡಿ. ದೇಶದೊಳಗೆ ರಾಜ್ಯದಿಂದ ರಾಜ್ಯಕ್ಕೆ ಒಯ್ಯುವಾಗ ಆಯಾ ರಾಜ್ಯದ ಅಬಕಾರಿ ಮಿತಿಯನ್ನು ಮೊದಲೇ ವಿಚಾರಿಸಿ. ಗುಜರಾತ್, ಬಿಹಾರಗಳಲ್ಲಿ ಪಾನನಿಷೇಧವಿದೆ, ಆ ದಾರಿಯಲ್ಲಿ ಒಂದು ಕ್ಯಾನ್ ಕೂಡ ಬೇಡ.

ಮನೆಗೆ ಬಂದ ದಿನವೇ ತೆರೆಯಬೇಡಿ. ಫ್ರಿಜ್‌ನಲ್ಲಿ ನೆಟ್ಟಗೆ ನಿಲ್ಲಿಸಿ ಎರಡು ದಿನ ಬಿಟ್ಟರೆ ಅಲುಗಾಡಿದ ಗಸಿ ತಳ ಸೇರುತ್ತದೆ, ಗ್ಯಾಸೂ ತಣ್ಣಗಾಗುತ್ತದೆ. ಮೂರನೆಯ ದಿನ, ಅದೇ ಜಾತಿಯ ಸ್ಥಳೀಯ ಬಿಯರ್ ಒಂದನ್ನು ಜೊತೆಗಿಟ್ಟುಕೊಂಡು, ಪ್ರವಾಸದಲ್ಲಿ ಬರೆದ ಟಿಪ್ಪಣಿಯನ್ನು ಮುಚ್ಚಿಟ್ಟು ಹೊಸದಾಗಿ ಬರೆಯಿರಿ. ಆಮೇಲೆ ಎರಡೂ ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಓದಿ.